ಭಗವಂತರಾಯರು ಊಟ ಬಿಟ್ಟ ಶ್ರಾವಣ

ನನ್ನದು ಹೆದರುಪುಕ್ಕಲು ಸ್ವಭಾವ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬೆನ್ನ ಹಿಂದೆ ಆಡಿಕೊಳ್ಳುವುದು ಬೇಡ. ಬಾಗಿಲಿಗೆ ಬೀಗ ಹಾಕಿ ಗೇಟಿನ ತನಕ ಹೋದವಳು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸು ಬರುತ್ತೇನೆ. ಯಜಮಾನರು ವಿಮಾನಪುರದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದಷ್ಟು ಕಾಲವೂ, ಶಿಫ್ಟ್ ಮುಗಿದು ಅವರ ಸೈಕಲ್ಲು ಗೋಡೆಗೆ ಒರಗುವವರೆಗೆ ನನ್ನ ಎದೆ ಡವಡವ ಎನ್ನುತ್ತಿತ್ತು. ಈಗ ಅವರಿಲ್ಲ. ಕಗ್ಗದಾಸಪುರದಲ್ಲಿ ಅವರು ಕಟ್ಟಿಸಿದ ಮನೆ ಇದೆ. ಕೆಳಗೆ ನಾನು, ಪಕ್ಕದಲ್ಲಿ ನೂರ್‌ಜಹಾನಳ ಟೈಲರ್ ಅಂಗಡಿ, ಮೇಲೆಲ್ಲ ಬಾಡಿಗೆಯವರು. ಅಷ್ಟೂ ಜನರ ಚಿಂತೆ ನನ್ನ ತಲೆಯ ಮೇಲಿದೆ. ಯಾರೂ ಹೊರಿಸಿದ್ದಲ್ಲ, ನಾನೇ ಹೊತ್ತುಕೊಂಡಿದ್ದು.

ಇದು ರೋಗ, ಇದಕ್ಕೆ ಧ್ಯಾನವೇ ಮದ್ದು ಎಂದು ಇಂದಿರಾನಗರದಲ್ಲಿರುವ ನನ್ನ ಮಗಳು ರಾಜೇಶ್ವರಿ ತೀರ್ಮಾನ ಮಾಡಿದಳು. ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಕಿವಿಗೆ ಸಿಕ್ಕಿಸಿಕೊಂಡರೆ ಒಬ್ಬಳು ಹುಡುಗಿ ಮೆತ್ತಗೆ, ನೀವೀಗ ಶಾಂತವಾದ ಸಮುದ್ರದ ದಡದಲ್ಲಿ ಒಬ್ಬರೇ ಇದ್ದೀರಿ ಅನ್ನುತ್ತಿದ್ದಳು. ಸಮುದ್ರ, ಅದರಲ್ಲೂ ಒಬ್ಬಳೇ! ನನಗೆ ಈಜು ಬರುವುದಿಲ್ಲ. ಚಪ್ಪಲಿ ಎಲ್ಲಿ ಬಿಟ್ಟೆ, ವಾಪಸು ಬರಲು ಬಸ್ಸು ಇದೆಯೋ ಇಲ್ಲವೋ ಎಂದು ಯೋಚಿಸುವಷ್ಟರಲ್ಲಿ ಅವಳು ಗಂಟೆ ಬಾರಿಸಿ, ಧನ್ಯವಾದ ಹೇಳಿ ಹೋಗಿಬಿಡುತ್ತಿದ್ದಳು. ಆಮೇಲೆ ಮಗಳು ನನ್ನನ್ನು ಒಂದು ಧ್ಯಾನದ ಹಾಲಿಗೂ ಕರೆದುಕೊಂಡು ಹೋದಳು. ಅಲ್ಲಿ ಕಣ್ಣು ಮುಚ್ಚಿ ಎಂದರು. ಕಣ್ಣು ಮುಚ್ಚಿದರೆ ಗ್ಯಾಸಿನ ಒಲೆ ಕಾಣುತ್ತಿತ್ತು.

ಅಂಥ ನನ್ನನ್ನು ನನ್ನದೇ ಮನೆಯ ತಾರಸಿಯಲ್ಲಿ ಸುಮ್ಮನೆ ಕೂರಿಸಿದವರು ಭಗವಂತರಾಯರು. ನಮ್ಮ ಮೇಲಿನ ರೂಮಿನಲ್ಲಿ ಎಷ್ಟೋ ವರ್ಷದಿಂದ ಇದ್ದಾರೆ. ಕಲಬುರಗಿ ಕಡೆ, ಅಫಜಲಪುರದ ಹತ್ತಿರದವರು. ಬೆಂಗಳೂರಿಗೆ ಬಂದ ಹೊಸತರಲ್ಲಿ ನೆಲಕ್ಕೆ ಕಲ್ಲು ಹಾಸುವ ಕೆಲಸ ಮಾಡುತ್ತಿದ್ದರು. ಕೂತು ಕೂತು ಮಂಡಿ ಸವೆದ ಮೇಲೆ ಅದನ್ನು ಬಿಟ್ಟು, ಮಹದೇವಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸೇರಿದರು. ಉದ್ದನೆಯ ಆಳು, ಬಿಳಿ ಮೀಸೆ, ಯೂನಿಫಾರ್ಮ್ ಹಾಕಿದ್ದರೂ ಹಣೆಯ ಮೇಲೆ ವಿಭೂತಿ ತಪ್ಪುತ್ತಿರಲಿಲ್ಲ. ಹೆಂಡತಿ ಜಟ್ಟೆಮ್ಮ ದುಂಡನೆಯ ಹೆಂಗಸು, ಎರಡು ಮನೆಗಳಲ್ಲಿ ಅಡುಗೆ ಮಾಡಿಕೊಟ್ಟು ಬರುತ್ತಾಳೆ. ನನಗೂ ಅವಳಿಗೂ ಸಕ್ಕರೆ ಕಾಯಿಲೆ. ಇಬ್ಬರೂ ಒಟ್ಟಿಗೆ ಹೋಗಿ ಆರೋಗ್ಯ ಕೇಂದ್ರದಿಂದ ಮಾತ್ರೆ ತರುತ್ತೇವೆ. ಹೆಣ್ಣುಮಕ್ಕಳಿಗೆ ಮದುವೆಯಾಗಿ ಒಬ್ಬಳು ಸೊಲ್ಲಾಪುರದಲ್ಲಿ, ಒಬ್ಬಳು ಸಿಂದಗಿಯಲ್ಲಿ ಇದ್ದಾರೆ. ಗಂಡ ಹೆಂಡತಿ ಕೂತು ಮಾತನಾಡಿದ್ದನ್ನು ನಾನು ನೋಡಿದ್ದು ಕಡಿಮೆ. ಜಗಳವಂತೂ ಇಲ್ಲ. ಅವರು ಬಂದರೆ ಅವಳು ತಟ್ಟೆ ಇಡುತ್ತಾಳೆ, ಅವರು ಉಂಡು ಎದ್ದ ಮೇಲೆ ಅವಳು ಕೂರುತ್ತಾಳೆ, ಅಷ್ಟೇ ಸಂಸಾರ.

ಅವರು ಲಿಂಗ ಕಟ್ಟಿಕೊಳ್ಳುವ ಪೈಕಿ. ನಮ್ಮಲ್ಲಿ ಆ ಪದ್ಧತಿಯಿಲ್ಲ, ನೋಡಿ ತಿಳಿದುಕೊಂಡದ್ದು. ಕೊರಳಲ್ಲಿ ಶಿವದಾರ, ಅದಕ್ಕೆ ಬೆಳ್ಳಿಯ ಸಣ್ಣ ಕರಡಿಗೆ, ಅದರೊಳಗೆ ಕಪ್ಪನೆಯ ಪುಟ್ಟ ಲಿಂಗ. ಸ್ನಾನ ಆದ ಮೇಲೆ ಅದನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡಿ, ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂರಬೇಕು. ಅದಾಗದೆ ಬಾಯಿಗೆ ತುತ್ತು ಹಾಕುವಂತಿಲ್ಲ. ಈ ಕಾಲದಲ್ಲಿ ಅದನ್ನು ನೇಮವಾಗಿ ನಡೆಸುವವರು ಕಡಿಮೆ. ಭಗವಂತರಾಯರು ಮಾತ್ರ ಜ್ವರ ಬಂದರೂ ಬಿಟ್ಟವರಲ್ಲ. ಚಿಕ್ಕಂದಿನಲ್ಲಿ ಅವರ ತಾಯಿ ಶ್ರಾವಣ ಪೂರ್ತಿ ಮಠದ ಪ್ರವಚನಕ್ಕೆ ಕರೆದೊಯ್ಯುತ್ತಿದ್ದರಂತೆ. ಈ ಊರಿನಲ್ಲಿ ಅದು ಸಿಗದ್ದಕ್ಕೆ ತಾವೇ ತಾರಸಿಯಲ್ಲಿ ಶುರು ಮಾಡಿದರು. ಶ್ರಾವಣ ಬಂತೆಂದರೆ ಬೆಳಿಗ್ಗೆ ಅವರು ರಾತ್ರಿ ಪಾಳಿ ಮುಗಿಸಿ ಬರುವ ಹೊತ್ತಿಗೆ ಮೇಲಿನ ರೂಮುಗಳವರು, ಎದುರಿನ ಬೀದಿಯವರು, ಎಲ್ಲ ಅವರ ಕಡೆಯ ಕೂಲಿ ಜನ, ಬಂದು ಕೂರುತ್ತಿದ್ದರು. ಮಳೆ ಬಂದರೆ ನೀರಿನ ಟ್ಯಾಂಕಿನ ಪಕ್ಕದ ಶೀಟಿನ ಕೆಳಗೆ ಕೂರುವುದು.

ಮೊದಲ ವರ್ಷ ತಾರಸಿ ಸೋರಿಬಿಡುತ್ತದೆ ಎಂದು ಜಗಳಕ್ಕೆ ಹೋದವಳು ನಾನು. ಹೋದವಳು ಅಲ್ಲೇ ಕೂತುಬಿಟ್ಟೆ. ಅವರು ಸಮುದ್ರಕ್ಕೆ ಕರೆದುಕೊಂಡು ಹೋಗಲಿಲ್ಲ, ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ.

"ಕಣ್ಣ ಮುಚ್ಚಬ್ಯಾಡ್ರಿ," ಅನ್ನುತ್ತಿದ್ದರು. "ಕಣ್ಣ ಮುಚ್ಚಿದ್ರ ಇಲ್ಲದ್ದೆಲ್ಲ ಕಾಣ್ತದ. ಅಂಗೈ ನೋಡ್ರಿ. ಲಿಂಗ ಇದ್ದವ್ರು ಲಿಂಗ ನೋಡ್ರಿ, ಇಲ್ಲದವ್ರು ಬರೇ ಅಂಗೈ ನೋಡ್ರಿ. ಉಸಿರು ಬಂತು, ನೋಡ್ರಿ. ಹೋತು, ನೋಡ್ರಿ. ಬಂದದ್ದಕ್ಕ ಹಿಗ್ಗಬ್ಯಾಡ್ರಿ, ಹೋದದ್ದಕ್ಕ ಅಂಜಬ್ಯಾಡ್ರಿ."

ಅಷ್ಟೇ. ಆಮೇಲೆ ಮೌನ. ಕೊನೆಗೆ ಒಬ್ಬೊಬ್ಬರೂ ಈ ತಿಂಗಳು ಏನು ಬಿಡುತ್ತೇವೆ, ನಿನ್ನೆ ಅದನ್ನು ಎಷ್ಟು ಬಿಟ್ಟೆವು ಎಂದು ಮನಸ್ಸಿನಲ್ಲೇ ಕೇಳಿಕೊಂಡು ಏಳಬೇಕು. ಕ್ಯಾಬ್ ಓಡಿಸುವ ದುರ್ಗೇಶ ಗುಟ್ಕಾ ಬಿಟ್ಟಿದ್ದ. ನಾನು ಏನು ಬಿಡಲಿ ಎಂದರೆ ಭಗವಂತರಾಯರು ನಕ್ಕು, ದಿನಕ್ಕೊಂದು ಅಂಜಿಕೆ ಬಿಡಿ ಅಮ್ಮಾರೆ, ಎಲ್ಲ ಒಮ್ಮೆಲೇ ಬಿಟ್ಟರೆ ನಿಮಗೆ ಹೊತ್ತು ಹೋಗುವುದಿಲ್ಲ ಎಂದಿದ್ದರು. ನನ್ನನ್ನು ಹಾಗೆ ಗೇಲಿ ಮಾಡಿ ದಕ್ಕಿಸಿಕೊಂಡವರು ಅವರೊಬ್ಬರೇ.

ಹೋದ ಶ್ರಾವಣದಲ್ಲಿ ಒಂದು ರಾತ್ರಿ ಮಹದೇವಪುರ ಮುಳುಗಿತು. ಮುಳುಗುವುದು ಹೊಸದಲ್ಲ ಬಿಡಿ, ಆದರೆ ಆ ಸಲ ಭಗವಂತರಾಯರ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೇ ನೀರು ನುಗ್ಗಿತು. ಅವರದು ರಾತ್ರಿ ಪಾಳಿ. ಎದೆಮಟ್ಟದ ನೀರಿನಲ್ಲಿ ಕಾರುಗಳನ್ನು ತಳ್ಳಿ, ಪಂಪಿನ ಪೈಪು ಹಿಡಿದು ನಿಂತು, ಮರುದಿನ ಮಧ್ಯಾಹ್ನ ಮನೆಗೆ ಬಂದರು. ಮೈಯೆಲ್ಲ ಕೆಸರು. ನಾನು ಗೇಟಿನಲ್ಲೇ ಕಾಯುತ್ತಿದ್ದೆ, ಆ ರಾತ್ರಿ ನನಗೆ ನಿದ್ದೆಯೇ ಬಂದಿರಲಿಲ್ಲ. ಏನಾಯಿತು ಎಂದು ಕೇಳಿದರೆ, ಏನಿಲ್ಲ, ನೀರು ಇಳಿಯಿತು ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದರು. ಮುಖ ನೋಡಿದರೆ ಏನಿಲ್ಲ ಅನ್ನುವ ಹಾಗಿರಲಿಲ್ಲ. ಸಾಯಂಕಾಲ ಮತ್ತೆ ಕೆಲಸದ ಹೊತ್ತಿಗಿಂತ ಮುಂಚೆಯೇ ಹೊರಟರು. ಅದರ ಮಾರನೆಯ ದಿನವೂ ಹಾಗೆಯೇ.

ಅವರು ಬುತ್ತಿ ವಾಪಸು ತರುತ್ತಿದ್ದಾರೆಂದು ಮೊದಲು ಗಮನಿಸಿದವನು ದುರ್ಗೇಶ. ಒಂದು ಬೆಳಿಗ್ಗೆ ಅವನು ಅವರನ್ನು ತನ್ನ ಕ್ಯಾಬಿನಲ್ಲಿ ಕರೆದುಕೊಂಡು ಬರುವಾಗ ಡಬ್ಬಿ ಭಾರವಿತ್ತು. ಯಾಕೆ ಕಾಕಾ ಉಣ್ಣಲಿಲ್ಲ ಎಂದು ಕೇಳಿದ್ದಕ್ಕೆ ಅವರು ಸುಮ್ಮನೆ ಕಿಟಕಿಯ ಹೊರಗೆ ನೋಡಿದರಂತೆ. ದುರ್ಗೇಶನಿಗೆ ಅಷ್ಟು ಸಾಕಾಯಿತು. ಶ್ರಾವಣದ ಹೊತ್ತು, ಕಾಕಾ ಕಠಿಣ ಉಪವಾಸ ಹಿಡಿದಿದ್ದಾರೆ, ಹೇಳಿಕೊಂಡರೆ ಫಲವಿಲ್ಲವೆಂದು ಹೇಳುತ್ತಿಲ್ಲ ಎಂದು ಸಂಜೆಯೊಳಗೆ ಬೀದಿಗೆಲ್ಲ ಸಾರಿದ. ಭಗವಂತರಾಯರು ಹೌದೆನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಮರುದಿನ ತಾರಸಿಗೆ ಬಂದಾಗ ಎಡಗೈಯನ್ನು ಬಿಳಿ ಪಂಚೆಯಿಂದ ಮುಚ್ಚಿಕೊಂಡು ಕೂತರು. ಅದೂ ಒಂದು ದೊಡ್ಡ ಸಾಧನೆ ಎಂದು ಜನ ಮಾತಾಡಿಕೊಂಡರು.

ಜನ ಮರುಳೋ ಜಾತ್ರೆ ಮರುಳೋ. ಹತ್ತು ಮಂದಿ ಕೂರುತ್ತಿದ್ದಲ್ಲಿ ಚಪ್ಪಲಿ ಬಿಡಲು ಜಾಗವಿಲ್ಲದಂತಾಯಿತು. ಎಲ್ಲೆಲ್ಲಿಂದಲೋ ಬಂದು ಕಾಲಿಗೆ ಬೀಳುವವರು, ಬಾಳೆಹಣ್ಣು ತಂದು ಮುಂದಿಡುವವರು. ಅವರು ಆ ಹಣ್ಣನ್ನೆಲ್ಲ ಹಂಚಿಬಿಡುತ್ತಿದ್ದರು. ತಾವು ಬರೀ ನೀರು ಕುಡಿಯುತ್ತಿದ್ದರು. ಬೇರೆಯವರೆಲ್ಲ ಅಂಗೈ ನೋಡುತ್ತಿದ್ದರೆ ನಾನು ಅವರನ್ನು ನೋಡುತ್ತಿದ್ದೆ. ಕಣ್ಣು ಗುಳಿ ಬಿದ್ದಿತ್ತು. ದನಿ ಇಳಿದಿತ್ತು. ಉಸಿರು ಬಂತು ನೋಡ್ರಿ ಎಂದವರು, ಹೋತು ಅನ್ನುವ ಮುಂಚೆ ತುಂಬ ಹೊತ್ತು ನಿಲ್ಲಿಸುತ್ತಿದ್ದರು. ಆ ನಿಲುಗಡೆಯಲ್ಲಿ ನನ್ನ ಪ್ರಾಣ ಬಾಯಿಗೆ ಬರುತ್ತಿತ್ತು.

ಮೆಟ್ಟಿಲ ಮೇಲೆ ಅವರ ಹೆಜ್ಜೆ ಕೇಳಿಸಿಕೊಳ್ಳುತ್ತ ಕೂರುವುದೇ ನನ್ನ ಕೆಲಸವಾಯಿತು. ಹತ್ತುವಾಗ ನಡುವೆ ನಿಂತರೆ, ಬಿದ್ದರೇನೋ ಎಂದು ಓಡುತ್ತಿದ್ದೆ. ದುರ್ಗೇಶನನ್ನು ಹಿಡಿದು ಬೈದೆ. ಅದು ತಪಸ್ಸು, ನಡುವೆ ಬಾಯಿ ಹಾಕಬಾರದು ಎಂದ. ಮಗಳಿಗೆ ಫೋನ್ ಮಾಡಿದೆ. ಉಪವಾಸ ದೇಹಕ್ಕೆ ಒಳ್ಳೆಯದಮ್ಮ, ನಮ್ಮ ಆಫೀಸಿನಲ್ಲಿ ಎಲ್ಲರೂ ಮಾಡುತ್ತಾರೆ, ನೀನು ಸುಮ್ಮನೆ ಟೆನ್ಷನ್ ಮಾಡಿಕೊಳ್ಳಬೇಡ ಎಂದಳು. ಜಟ್ಟೆಮ್ಮನನ್ನೇ ಕೇಳೋಣವೆಂದು ಮೇಲೆ ಹೋದೆ. ಅವಳು ರೊಟ್ಟಿ ತಟ್ಟುತ್ತಿದ್ದಳು. ಯಾರಿಗೆ ಈ ರೊಟ್ಟಿ ಎಂದರೆ, ಮಾಡುವುದು ಮಾಡಬೇಕಲ್ಲ ಎಂದಳು. ನಿನ್ನ ಗಂಡ ಸತ್ತೇಹೋಗುತ್ತಾರೆ ಎಂದು ನನ್ನ ಬಾಯಿಯಿಂದ ಬಂದೇ ಬಂತು. ಅವಳು ತಲೆಯೆತ್ತಲಿಲ್ಲ. "ಅವರ ಮಾತು ಅವರು ಹೇಳಬೇಕ್ರಿ," ಎಂದು ಹಿಟ್ಟಿಗೆ ಕೈ ಹಾಕಿದಳು. ಎಂಥ ಕಲ್ಲು ಹೆಂಗಸು ಎಂದು ಶಪಿಸಿಕೊಳ್ಳುತ್ತ ಇಳಿದು ಬಂದೆ.

ನನ್ನ ಸಂಕಟ ನೋಡಲಾರದೆ ನೂರ್‌ಜಹಾನ್ ಅಂಗಡಿಯಿಂದ ಎದ್ದು ಬಂದಳು. ಶಿವಾಜಿನಗರದಲ್ಲಿ ಹುಟ್ಟಿ ಬೆಳೆದವಳು, ಗಂಡ ಗಯಾಜ್ ಆಟೋ ಓಡಿಸುತ್ತಾನೆ. ನನ್ನಷ್ಟು ಮಾತಾಡುವವಳಲ್ಲ, ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುತ್ತಾಳೆ. ಅವತ್ತು ಸೂಜಿ ತೆಗೆದಿಟ್ಟು ನನ್ನ ಪಕ್ಕ ಕೂತಳು.

"ಒಂದು ಮಾತು ಹೇಳ್ಲಾ ಸುಭದ್ರಮ್ಮ? ರಂಜಾನಲ್ಲಿ ರೋಜಾ ಹಿಡಿಯೋರನ್ನ ನಾನು ಹುಟ್ಟಿದಾಗಿಂದ ನೋಡ್ತಿದೀನಿ. ಎಷ್ಟೇ ಸುಸ್ತಾದ್ರೂ ಸಂಜೆಗೆ ಕಾಯ್ತಾ ಇರ್ತಾರೆ, ಮುಖದಲ್ಲಿ ಗೊತ್ತಾಗುತ್ತೆ. ಈ ಅಂಕಲ್ ಯಾವುದಕ್ಕೂ ಕಾಯ್ತಿಲ್ಲ. ಇದು ಉಪವಾಸ ಅಲ್ಲ."

ಆ ಮಾತು ಕೇಳಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮರುದಿನ ಧ್ಯಾನ ಮುಗಿದು ಎಲ್ಲರೂ ಇಳಿದು ಹೋಗುವವರೆಗೆ ತಾರಸಿಯಲ್ಲೇ ಉಳಿದೆ. ಭಗವಂತರಾಯರು ಗೋಡೆ ಹಿಡಿದು ಏಳಲು ನೋಡುತ್ತಿದ್ದರು. ಅವರ ಎದುರಿಗೆ ಹೋಗಿ ನಿಂತು, ಏನು ವ್ರತ ಇದು, ಯಾವತ್ತು ಮುಗಿಯುತ್ತದೆ, ಹೇಳದಿದ್ದರೆ ಇಲ್ಲಿಂದ ಬಿಡುವುದಿಲ್ಲ ಎಂದೆ.  ಅವರು ಎಡಗೈ ಮೇಲಿನ ಪಂಚೆ ಸರಿಸಿದರು. ಅಂಗೈ ಖಾಲಿಯಿತ್ತು.

"ನೀರಾಗ ಹೋತ್ರಿ ಅಮ್ಮಾರ," ಎಂದರು. "ಶಿವದಾರ ಯಾವಾಗ ಹರೀತೋ ಗೊತ್ತಾಗ್ಲಿಲ್ಲ. ನೀರು ಇಳಿದ ಮ್ಯಾಲ ಕೆಸರೆಲ್ಲ ಕೈಯಾಡಿಸಿ ನೋಡೀನಿ. ದಿನಾ ನೋಡೀನಿ. ಲಿಂಗ ಇಲ್ಲದ ಬಾಯಿಗೆ ತುತ್ತು ಹ್ಯಾಂಗ ಹೋದೀತ್ರಿ?"

ಬೇರೆ ತೆಗೆದುಕೊಂಡರಾಯಿತು ಎಂದೆ. ಅಂಗಡಿಯಲ್ಲಿ ತರುವ ಸಾಮಾನಲ್ಲ ಅದು, ಗುರುವಿನ ಕೈಯಿಂದ ಬರಬೇಕು ಎಂದರು. ತಮಗೆ ಕೊಟ್ಟ ಅಯ್ಯನವರು ಎಂದೋ ತೀರಿಕೊಂಡಿದ್ದಾರಂತೆ. ಇನ್ನೊಬ್ಬರ ಮುಂದೆ ಹೋಗಿ ಕಳೆದುಕೊಂಡೆ ಎಂದು ಯಾವ ಮುಖದಲ್ಲಿ ಹೇಳುವುದು? ಹಿಂದಿನವರು ಲಿಂಗ ಹೋದರೆ ಜೀವವನ್ನೂ ಇಟ್ಟುಕೊಳ್ಳುತ್ತಿರಲಿಲ್ಲ ಎಂದು ತಮ್ಮ ತಾಯಿ ಹೇಳುತ್ತಿದ್ದರಂತೆ. ಅಷ್ಟು ಜನ ಬಂದು ಕಾಲಿಗೆ ಬೀಳುತ್ತಾರೆ, ಬೇಡವೆನ್ನಲು ಹೋದರೆ ನಿಜ ಹೇಳಬೇಕಾಗುತ್ತದೆ, ಹೇಳಲು ನಾಲಿಗೆ ಏಳುತ್ತಿಲ್ಲ ಎಂದು ಅತ್ತುಬಿಟ್ಟರು. ಅಷ್ಟು ಎತ್ತರದ ಗಂಡಸು ಹಾಗೆ ಅತ್ತದ್ದನ್ನು ನಾನು ನೋಡಿದ್ದಿಲ್ಲ. ನನಗೂ ಅಳು ಬಂತು, ಜೊತೆಗೆ ಕೆಂಡದಂಥ ಸಿಟ್ಟೂ ಬಂತು. ಒಂದು ಕಲ್ಲಿಗೋಸ್ಕರ ಸಾಯ್ತೀರೇನ್ರೀ ಎಂದು ಅನ್ನಬೇಕೆಂದಿದ್ದೆ. ಅವರ ಮುಖ ನೋಡಿ ಅನ್ನಲಿಲ್ಲ.

ಜಟ್ಟೆಮ್ಮನಿಗೆ ಗೊತ್ತೇ ಎಂದೆ. ಅವರು ಗಾಬರಿಯಾಗಿ ಮೆಟ್ಟಿಲ ಕಡೆ ನೋಡಿದರು. ಬೇಡ, ಅವಳು ಎದೆಯೊಡೆದುಕೊಳ್ಳುತ್ತಾಳೆ, ನೀವು ಹೇಳಬೇಡಿ ಎಂದು ಕೈ ಮುಗಿದರು. ಒಪ್ಪಿಕೊಂಡೆ. ಬಿಸಿ ತುಪ್ಪವಾಯಿತು ನನಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಅವತ್ತೇ ಗಯಾಜನ ಆಟೋ ಹತ್ತಿ ಕೆ.ಆರ್.ಪುರಕ್ಕೆ ಹೋದೆ. ಅಲ್ಲಿ ಸಂತೆಯ ಹಿಂದೆ ಅವರ ಕಡೆಯವರದೇ ಒಂದು ಸಣ್ಣ ಮಠ ಇದೆ ಎಂದು ಯಾರೋ ಹೇಳಿದ್ದು ನೆನಪಿತ್ತು. ಅಲ್ಲಿನ ಅಯ್ಯನವರು ಇನ್ನೂ ಚಿಕ್ಕ ವಯಸ್ಸಿನವರು, ಕನ್ನಡಕ ಹಾಕಿಕೊಂಡು ಏನೋ ಓದುತ್ತಿದ್ದರು. ಹೆಸರು ಹೇಳದೆ ಸಂಗತಿ ಹೇಳಿದೆ. ಅವರು ಪುಸ್ತಕ ಮುಚ್ಚಿ, "ಮೊದಲು ಅವರಿಗೆ ಊಟ ಮಾಡಿಸಿ ತಾಯಿ," ಎಂದರು. ಆಮೇಲೆ ಕರೆದುಕೊಂಡು ಬನ್ನಿ, ಲಿಂಗ ನಾನು ಕೊಡುತ್ತೇನೆ, ಕಳೆದುಹೋಯಿತೆಂದು ಜೀವ ಬಿಡು ಅನ್ನುವವನು ಗುರುವೇ ಅಲ್ಲ ಎಂದರು. ಅಡ್ಡಬಿದ್ದು ಬಂದೆ. ದಾರಿಯುದ್ದಕ್ಕೂ ಟ್ರಾಫಿಕ್ಕು. ಒಂದೊಂದು ಸಿಗ್ನಲ್ಲಿನಲ್ಲೂ, ಮನೆ ಮುಟ್ಟುವಷ್ಟರಲ್ಲಿ ಅವರು ಇರುತ್ತಾರೋ ಇಲ್ಲವೋ ಎಂದು ಗಯಾಜನ ತಲೆ ತಿಂದುಬಿಟ್ಟೆ.

ಭಗವಂತರಾಯರು ಎಲ್ಲ ಕೇಳಿದರು. ಕಣ್ಣಿನಲ್ಲಿ ಸ್ವಲ್ಪ ಬೆಳಕು ಬಂತು. ಹೋಗೋಣ ಎಂದರು, ಆದರೆ ಸೋಮವಾರ ಹೋಗೋಣ, ಶ್ರಾವಣ ಸೋಮವಾರ ಒಳ್ಳೆಯ ದಿನ. ಅಲ್ಲಿಯವರೆಗೆ? ಅಲ್ಲಿಯವರೆಗೆ ನೀರು ಸಾಕು. ಅಯ್ಯನವರೇ ಉಣ್ಣು ಎಂದಿದ್ದಾರಲ್ಲ ಎಂದು ಬಡಿದುಕೊಂಡೆ. ಅವರು ದೊಡ್ಡವರು, ಏನೋ ಅಂದರು, ಆದರೆ ನನ್ನ ಗಂಟಲು ಕೇಳಬೇಕಲ್ಲ ಎಂದರು. ಸೋಮವಾರಕ್ಕೆ ಇನ್ನೂ ಎರಡು ದಿನವಿತ್ತು. ಆ ಎರಡು ದಿನ ನಾನು ಗ್ಯಾಸ್ ಒಲೆಯನ್ನೂ ಮರೆತೆ, ಮಾತ್ರೆಯನ್ನೂ ಮರೆತೆ. ನೀರಿಗೆ ಬೆಲ್ಲ ಕದಡಿ ಅವರ ಚೊಂಬಿನಲ್ಲಿ ಹಾಕಿ ಮೋಸ ಮಾಡೋಣವೇ ಎಂದೂ ಯೋಚಿಸಿದೆ. ಪಾಪ ಸುತ್ತಿಕೊಂಡೀತೆಂದು ಅದಕ್ಕೂ ಹೆದರಿದೆ.

ಭಾನುವಾರ ಬೆಳಿಗ್ಗೆ ತಾರಸಿ ತುಂಬಿತ್ತು. ಭಗವಂತರಾಯರು ಗೋಡೆಗೆ ಒರಗಿ ಕೂತು, ಮಾತೇ ಆಡದೆ ಧ್ಯಾನ ಮಾಡಿಸಿದರು. ಮುಗಿದ ಮೇಲೆ ಜನ ಸಾಲಾಗಿ ಕಾಲು ಮುಟ್ಟುತ್ತಿದ್ದರು. ಅವರು ಬಿದ್ದರೆ ಹಿಡಿಯಲೆಂದು ನಾನು ಪಕ್ಕದಲ್ಲೇ ತಯಾರಾಗಿ ನಿಂತಿದ್ದೆ. ಆಗ ಕೆಳಗಿನಿಂದ ನೂರ್‌ಜಹಾನ್ ಕೂಗಿದಳು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಟ್ಟೆಮ್ಮ ಬಿದ್ದಿದ್ದಳು. ನಲ್ಲಿ ಸುರಿಯುತ್ತಲೇ ಇತ್ತು. ಮೈ ಬೆವರಿನಲ್ಲಿ ತೊಯ್ದು ತಣ್ಣಗಾಗಿತ್ತು. ಕೂಗಿದರೂ ಕಣ್ಣು ತೆರೆಯಲಿಲ್ಲ.

ಗಯಾಜನ ಆಟೋದಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಎಷ್ಟು ಹಗುರ! ದುಂಡನೆಯ ಹೆಂಗಸು ಎಂದೇ ನೋಡುತ್ತಿದ್ದೆನಲ್ಲ, ರವಿಕೆಯ ತೋಳು ಜೋತಾಡುತ್ತಿದ್ದುದು ಆಗ ಕಣ್ಣಿಗೆ ಬಿತ್ತು. ಭಗವಂತರಾಯರು ಡ್ರೈವರ್ ಪಕ್ಕದಲ್ಲಿ ತುದಿಯಲ್ಲಿ ಕೂತು ಹಿಂದಕ್ಕೇ ತಿರುಗಿಕೊಂಡಿದ್ದರು.

ಹತ್ತಿರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬೆರಳು ಚುಚ್ಚಿ ನೋಡಿ ಓಡಾಡಿಬಿಟ್ಟರು. ಸಕ್ಕರೆ ಪಾತಾಳಕ್ಕೆ ಇಳಿದಿದೆ, ಇನ್ನು ಸ್ವಲ್ಪ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು. ಸೂಜಿ ಹಾಕಿ ಗ್ಲೂಕೋಸ್ ಏರಿಸಿದರು. ಆಮೇಲೆ ನಮ್ಮ ಕಡೆ ತಿರುಗಿ, ಇವರು ಊಟ ಮಾಡಿ ಎಷ್ಟು ದಿನವಾಯಿತು ಎಂದು ಕೇಳಿದರು. ನಾನು, ಊಟ ಬಿಟ್ಟಿರುವುದು ಇವರಲ್ಲ ಡಾಕ್ಟ್ರೇ, ಇವರ ಯಜಮಾನರು ಎಂದೆ. ಡಾಕ್ಟರಮ್ಮನಿಗೆ ರೇಗಿತು. ನನಗೆ ಕಥೆ ಹೇಳಬೇಡಿ, ಈಕೆ ಎಷ್ಟೋ ದಿನದಿಂದ ಉಂಡಿಲ್ಲ, ಖಾಲಿ ಹೊಟ್ಟೆಗೆ ಮಾತ್ರೆ ಮಾತ್ರ ನುಂಗಿದ್ದಾರೆ ಎಂದರು.

 ದಿನವೂ ಅವಳು ರೊಟ್ಟಿ ಮಾಡುತ್ತಿದ್ದಳು. ಅವರು ಉಣ್ಣುತ್ತಿರಲಿಲ್ಲ. ಅವರು ಉಣ್ಣದೆ ಅವಳು ಈ ಸಂಸಾರದಲ್ಲಿ ಯಾವತ್ತು ಉಂಡಿದ್ದಳು? ಬೀದಿಯ ಜನರೆಲ್ಲ ಒಬ್ಬರ ಉಪವಾಸ ನೋಡಲು ಮೆಟ್ಟಿಲು ಹತ್ತುತ್ತಿದ್ದಾಗ, ಅದೇ ಮೆಟ್ಟಿಲಲ್ಲಿ ಅವಳು ನೀರಿನ ಕೊಡ ಹೊತ್ತು ಇಳಿದು ಹತ್ತಿ ಮಾಡುತ್ತಿದ್ದಳು. ಹಗಲೂ ರಾತ್ರಿ ಹೆದರಿಕೊಂಡೇ ಇದ್ದ ನಾನು ಅವಳಿಗಾಗಿ ಒಂದು ಗಳಿಗೆಯೂ ಹೆದರಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವಳು ಕಣ್ಣು ಬಿಟ್ಟಳು. ನರ್ಸು, ಈಗ ಬಾಯಲ್ಲಿ ಏನಾದರೂ ತಿನ್ನಿಸಲೇಬೇಕು, ಇಲ್ಲದಿದ್ದರೆ ಮತ್ತೆ ಇಳಿಯುತ್ತದೆ ಎಂದು ಹೇಳಿ ಹೋದಳು. ನೂರ್‌ಜಹಾನ್ ಕ್ಯಾಂಟೀನಿನಿಂದ ಇಡ್ಲಿ ತಂದಳು. ನಾನು ಒಂದು ಚೂರು ಮುರಿದು ಅವಳ ತುಟಿಗೆ ಹಿಡಿದೆ. ಜಟ್ಟೆಮ್ಮ ಬಾಯಿ ತೆರೆಯಲಿಲ್ಲ. ಬೇಡಿದೆ, ಗದರಿದೆ, ನಿನ್ನ ಹೆಣ್ಣುಮಕ್ಕಳ ಮೇಲಾಣೆ ಎಂದೆ. ತುಟಿ ಬಿಗಿದುಕೊಂಡೇ ಇದ್ದಳು. ಮಂಚದ ಕಾಲ ಬಳಿ ನಿಂತಿದ್ದ ಗಂಡನನ್ನು ನೋಡಿದಳು.

"ನಿಮ್ಮದಾಗಲಿ," ಎಂದಳು.

ಭಗವಂತರಾಯರು ಕಂಬದಂತೆ ನಿಂತರು.  ಆ ಮನುಷ್ಯನ ಗಂಟಲು ಅಯ್ಯನವರ ಮಾತನ್ನೂ ಕೇಳಿರಲಿಲ್ಲ. ಅವರಿಗೆ ಅದು ಸಾಯುವುದಕ್ಕಿಂತ ಕಷ್ಟದ ಕೆಲಸ. ಅವರು ಉಣ್ಣದಿದ್ದರೆ ಇವಳು ಉಣ್ಣುವುದಿಲ್ಲ, ಇವಳು ಉಣ್ಣದಿದ್ದರೆ ಇವತ್ತೇ ಹೋಗಿಬಿಡುತ್ತಾಳೆ. ನಾನು ದೇವರನ್ನೂ ನೆನೆಯಲಿಲ್ಲ, ಅವರ ಮುಖವನ್ನೇ ನೋಡುತ್ತ ನಿಂತೆ.

ಅವರು ಬಂದು ಮಂಚದ ಅಂಚಿನಲ್ಲಿ ಕೂತರು. ನನ್ನ ಕೈಯಿಂದ ತಟ್ಟೆ ತೆಗೆದುಕೊಂಡರು. ಎಡಗೈ ತಾನಾಗಿ ಎದೆಯ ಮೇಲೆ ಹೋಗಿ, ಅಲ್ಲೇನೂ ಇಲ್ಲದೆ ಕೆಳಗಿಳಿಯಿತು. ಒಂದು ಚೂರು ಇಡ್ಲಿ ಬಾಯಿಗಿಟ್ಟುಕೊಂಡರು. ಅಗಿದರು. ನುಂಗಲಾಗದೆ ಕಣ್ಣಲ್ಲಿ ನೀರು ಬಂತು. ಮತ್ತೆ ಅಗಿದು ನುಂಗಿದರು. ಜಟ್ಟೆಮ್ಮ ಅವರ ಗಂಟಲನ್ನೇ ನೋಡುತ್ತಿದ್ದಳು. ಅದು ಇಳಿದದ್ದು ಕಂಡ ಮೇಲೆ ಬಾಯಿ ತೆರೆದಳು. ಅವರೇ ತಿನ್ನಿಸಿದರು.

ಒಂದು ಇಡ್ಲಿ ಇಬ್ಬರ ಹೊಟ್ಟೆಗೂ ಹಂಚಿ ಹೋದ ಮೇಲೆ ಅವರು ಕೇಳಿದರು, "ನಿನಗ ಗೊತ್ತಿತ್ತೇನ?"

"ಆವತ್ತು ನಿಮ್ಮ ತೊಯ್ದ ಬನೀನ್ ಬಿಚ್ಚಿ ಹಿಂಡಿದಾಕಿ ನಾನ. ಕೊಳ್ಳಾಗ ದಾರ ಇದ್ದಿಲ್ಲ."

"ಮತ್ತ ಕೇಳಲಿಲ್ಲ ಯಾಕ?"

ಜಟ್ಟೆಮ್ಮ ನನ್ನ ಕಡೆ ಒಮ್ಮೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ.

"ನೀವ ಹೇಳ್ತೀರಂತ ಕಾಯ್ದೆ. ಮಾಳಿಗಿ ಮ್ಯಾಲ ಅಮ್ಮಾರಿಗಿ ಹೇಳಿದ್ರಿ, ಮೆಟ್ಟಲದಾಗ ನಿಂತು ಕೇಳ್ದೆ. ನನಗ ಹೇಳಲಿಲ್ಲ."

ಭಗವಂತರಾಯರು, ನಾಳೆ ಸೋಮವಾರ, ಆಗದಿದ್ದರೆ ಮುಂದಿನ ಸೋಮವಾರ, ನೀ ಎದ್ದ ಮೇಲೆ ಇಬ್ಬರೂ ಕೂಡಿ ಅಯ್ಯನವರ ಹತ್ತಿರ ಹೋಗೋಣ ಎಂದರು. ಅವಳು ತಲೆಯಾಡಿಸಿದಳು. ಆದರೆ ಅವರ ಮುಖದಿಂದ ಕಣ್ಣು ತೆಗೆಯಲಿಲ್ಲ, ಇನ್ನೂ ಕಾಯುತ್ತಲೇ ಇದ್ದಳು. ಅವರಿಗೂ ಅದು ತಿಳಿಯಿತು. ತಟ್ಟೆ ಪಕ್ಕಕ್ಕಿಟ್ಟು, ಆ ರಾತ್ರಿ ನೆಲಮಾಳಿಗೆಯ ಬಾಗಿಲಿಗೆ ಮೊದಲು ನೀರು ಬಂದಲ್ಲಿಂದ ಶುರು ಮಾಡಿದರು. ನೂರ್‌ಜಹಾನ್ ನನ್ನ ಸೆರಗು ಎಳೆದಳು, ನಾವಿಬ್ಬರೂ ಬಾಗಿಲ ಕಡೆ ನಡೆದೆವು. ತಿರುಗಿ ನೋಡಿದಾಗ ಜಟ್ಟೆಮ್ಮ, ತನಗೆ ಗೊತ್ತಿದ್ದುದನ್ನೆಲ್ಲ ಈಗಷ್ಟೇ ಕೇಳುತ್ತಿರುವವಳಂತೆ, ಹೂಂ ಹೂಂ ಅನ್ನುತ್ತಿದ್ದಳು.